ನಗದೋ, ಕಾರ್ಡೋ: ಕಾಣದ ಖರ್ಚನ್ನು ಯಾರು ಹೊರುತ್ತಾರೆ?

ಬಿಲ್ ಹಾಕುವ ಹುಡುಗ "ಕ್ಯಾಶಾ, ಕಾರ್ಡಾ?" ಎಂದು ಕೇಳಿದಾಗ ನಮ್ಮಲ್ಲಿ ಹೆಚ್ಚಿನವರು ಆ ಹೊತ್ತಿಗೆ ಜೇಬಿನಲ್ಲಿ ಏನಿದೆಯೋ ಅದನ್ನೇ ತೆಗೆದು ಕೊಡುತ್ತೇವೆ. ಸಾವಿರ ರೂಪಾಯಿಯ ಸಾಮಾನಿಗೆ ಹೇಗೆ ಕೊಟ್ಟರೂ ಸಾವಿರ ರೂಪಾಯಿಯೇ ಅಲ್ಲವೇ ಎಂಬ ನಂಬಿಕೆ ಇದಕ್ಕೆ ಕಾರಣ. ಆ ನಂಬಿಕೆ ತಪ್ಪು. ನಗದಿಗೂ ಒಂದು ಖರ್ಚಿದೆ, ಕಾರ್ಡಿಗೂ ಒಂದು ಖರ್ಚಿದೆ. ನಗದಿನ ಖರ್ಚನ್ನು ನಾವು ಚೂರುಚೂರಾಗಿ, ಹೊತ್ತು ಮತ್ತು ಓಡಾಟದ ರೂಪದಲ್ಲಿ ಮೊದಲೇ ತೆತ್ತಿರುತ್ತೇವೆ. ಕಾರ್ಡಿನ ಖರ್ಚನ್ನು ಅಂಗಡಿಯವರು ತೆರುತ್ತಾರೆ, ಇಲ್ಲವೇ ನಾವೇ ಮುಂದಿನ ತಿಂಗಳು ತೆರುತ್ತೇವೆ. ಆದ್ದರಿಂದ ಎರಡರಲ್ಲಿ ಯಾವುದು ಅಗ್ಗ ಎಂದು ಒಂದೇ ಮಾತಿನಲ್ಲಿ ಕೇಳುವುದಕ್ಕಿಂತ, ಈ ಖರೀದಿಯ ಕಾಣದ ಖರ್ಚು ಯಾರ ತಲೆಯ ಮೇಲೆ, ಯಾವಾಗ ಬೀಳುತ್ತದೆ ಎಂದು ನೋಡಿ ಆರಿಸಿಕೊಳ್ಳುವುದು ಸರಿಯಾದ ದಾರಿ.

ದಾವಣಗೆರೆಯಲ್ಲಿರುವ ನಮ್ಮ ಅಣ್ಣನ ಕಿರಾಣಿ ಅಂಗಡಿಯ ಲೆಕ್ಕವನ್ನು ಕೆಲವು ವರ್ಷಗಳಿಂದ ನಾನೇ ಬರೆಯುತ್ತಿದ್ದೇನೆ. ಈ ಬರಹದ ಬಹುಪಾಲು ಆ ಲೆಕ್ಕದ ಪುಸ್ತಕದಿಂದಲೂ, ಉಳಿದದ್ದು ನನ್ನದೇ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್‌ಗಳಿಂದಲೂ ಬಂದದ್ದು.

ಗಲ್ಲಾಪೆಟ್ಟಿಗೆಯ ಕಡೆಯಿಂದ

ರಾತ್ರಿ ಒಂಬತ್ತೂವರೆಗೆ ಶಟರ್ ಅರ್ಧ ಇಳಿಸಿದ ಮೇಲೆ ಅಣ್ಣ ಗಲ್ಲಾಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕುತ್ತಾನೆ. ಐನೂರರ ನೋಟುಗಳು ಒಂದು ಕಡೆ, ನೂರರವು ಇನ್ನೊಂದು ಕಡೆ, ಹತ್ತು ಇಪ್ಪತ್ತರ ಮೆತ್ತಗಾದ ನೋಟುಗಳೆಲ್ಲ ಸೇರಿ ಒಂದು ಗುಡ್ಡೆ. ಎಣಿಸುವುದಕ್ಕೆ ಅರ್ಧ ಗಂಟೆ ಬೇಕು. ಲೆಕ್ಕ ಹತ್ತಿಪ್ಪತ್ತು ರೂಪಾಯಿ ತಾಳೆಯಾಗದಿದ್ದರೆ ಇನ್ನೊಂದು ಸುತ್ತು ಎಣಿಕೆ. ಹರಿದ ನೋಟು ಯಾರ ಕೈಯಿಂದ ಬಂತು ಎಂದು ನೆನಪು ಮಾಡಿಕೊಳ್ಳುವ ವ್ಯರ್ಥ ಪ್ರಯತ್ನವೂ ಅದರ ಜೊತೆಗಿರುತ್ತದೆ. ಮರುದಿನ ಬೆಳಗ್ಗೆ ಬ್ಯಾಂಕಿಗೆ ಹೋಗಿ ಚಲನ್ ತುಂಬಿ ಸರದಿಯಲ್ಲಿ ನಿಲ್ಲಬೇಕು. ಚಾಲ್ತಿ ಖಾತೆಗೆ ನಗದು ಕಟ್ಟುವುದಕ್ಕೂ ಬ್ಯಾಂಕುಗಳು ಒಂದು ಮಿತಿ ಇಟ್ಟಿರುತ್ತವೆ, ಅದನ್ನು ದಾಟಿದರೆ ಶುಲ್ಕ ಕೊಡಬೇಕು. ಚಿಲ್ಲರೆಯನ್ನು ಹೊಂದಿಸುವುದೇ ಇನ್ನೊಂದು ಕೆಲಸ. ಗಿರಾಕಿ ಐನೂರರ ನೋಟು ಕೊಟ್ಟು ನಲವತ್ತು ರೂಪಾಯಿಯ ಸಾಮಾನು ಕೇಳಿದಾಗ ಪಕ್ಕದ ಹೋಟೆಲಿಗೆ ಓಡುವ ಹುಡುಗನ ಹೊತ್ತಿಗೂ ಬೆಲೆಯಿದೆ. ಇದೆಲ್ಲ ಅಂಗಡಿಯವರು ತೆರುವ ನಗದಿನ ಖರ್ಚು. ಇದು ಯಾವ ಬಿಲ್ಲಿನಲ್ಲೂ ಒಂದು ಸಾಲಾಗಿ ಕಾಣುವುದಿಲ್ಲ.

ಕಾರ್ಡಿನ ಖರ್ಚು ಮಾತ್ರ ಖಾತೆಯ ವಿವರದಲ್ಲಿ ಎದ್ದು ಕಾಣುತ್ತದೆ. ಸ್ವೈಪಿಂಗ್ ಮಷಿನ್ನಿನಲ್ಲಿ ಕಾರ್ಡು ಉಜ್ಜಿದ ಪ್ರತಿ ಸಲವೂ ಅಂಗಡಿಯವರಿಗೆ ಬರಬೇಕಾದ ಮೊತ್ತದಿಂದ ಎಂಡಿಆರ್ ಎಂಬ ಶುಲ್ಕವನ್ನು ಕಳೆದು ಉಳಿದದ್ದನ್ನು ಜಮಾ ಮಾಡಲಾಗುತ್ತದೆ. ಡೆಬಿಟ್ ಕಾರ್ಡಿನ ಮಟ್ಟಿಗೆ ಇದಕ್ಕೆ ರಿಸರ್ವ್ ಬ್ಯಾಂಕ್ 2018ರ ಜನವರಿ 1ರಿಂದ ಕಟ್ಟು ಹಾಕಿತು. ವರ್ಷಕ್ಕೆ 20 ಲಕ್ಷ ರೂಪಾಯಿವರೆಗಿನ ವಹಿವಾಟಿನ ಸಣ್ಣ ವ್ಯಾಪಾರಿಗಳಿಂದ ಮಷಿನ್ ಮೂಲಕ ಆದ ಪಾವತಿಗೆ ಶೇ 0.40ಕ್ಕಿಂತ ಹೆಚ್ಚು ಕಳೆಯುವಂತಿಲ್ಲ, ದೊಡ್ಡವರಿಂದ ಶೇ 0.90ಕ್ಕಿಂತ ಹೆಚ್ಚು ಕಳೆಯುವಂತಿಲ್ಲ. ರುಪೇ ಡೆಬಿಟ್ ಕಾರ್ಡು ಮತ್ತು ಯುಪಿಐ ಪಾವತಿಗಳಿಗಂತೂ 2020ರ ಜನವರಿ 1ರಿಂದ ಈ ಶುಲ್ಕವೇ ಇಲ್ಲ. ಕ್ರೆಡಿಟ್ ಕಾರ್ಡಿಗೆ ಮಾತ್ರ ಇಂಥ ಕಟ್ಟು ಇಲ್ಲ. ಅಲ್ಲಿ ಸಾಮಾನ್ಯವಾಗಿ ಶೇ 2ರ ಆಸುಪಾಸಿನಲ್ಲಿ ಶುಲ್ಕ ಬೀಳುತ್ತದೆ, 2,000 ರೂಪಾಯಿ ದಾಟಿದ ಪಾವತಿಯಾದರೆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿಯೂ ಸೇರುತ್ತದೆ.

ಕಿರಾಣಿ ವ್ಯಾಪಾರದಲ್ಲಿ ಈ ಎರಡು ಪರ್ಸೆಂಟಿನ ತೂಕ ಎಷ್ಟೆಂಬುದನ್ನು ಹೊರಗಿನವರು ಸುಲಭವಾಗಿ ಅಂದಾಜು ಮಾಡಲಾರರು. ನೂರು ರೂಪಾಯಿಯ ಸಕ್ಕರೆ ಮಾರಿದರೆ ಅಂಗಡಿಯವರಿಗೆ ಮೂರ್ನಾಲ್ಕು ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ 2 ರೂಪಾಯಿ ಕಾರ್ಡಿನ ಶುಲ್ಕಕ್ಕೇ ಹೋದರೆ ಬಾಡಿಗೆ, ಕರೆಂಟು, ಹುಡುಗನ ಸಂಬಳಕ್ಕೆಲ್ಲ ಉಳಿಯುವುದು ಒಂದೆರಡು ರೂಪಾಯಿ ಮಾತ್ರ. ಹೀಗಾಗಿ ಅಂಗಡಿಯವರು ಒಂದೋ ಕ್ರೆಡಿಟ್ ಕಾರ್ಡ್ ಬೇಡ ಎನ್ನುತ್ತಾರೆ, ಇಲ್ಲವೇ ಎಲ್ಲ ಸಾಮಾನಿನ ಬೆಲೆಯನ್ನೂ ತುಸು ಏರಿಸಿ ಇಡುತ್ತಾರೆ. ಬೆಲೆ ಏರಿದಾಗ ನಗದು ಕೊಟ್ಟು ಕಾಲು ಕಿಲೋ ಬೇಳೆ ಒಯ್ಯುವ ಕೂಲಿ ಕೆಲಸದ ಹೆಂಗಸೂ ಆ ಏರಿಕೆಯನ್ನು ತೆರುತ್ತಾಳೆ. ಕಾರ್ಡಿನವರಿಗೆ ಸಿಗುವ ರಿವಾರ್ಡ್ ಪಾಯಿಂಟುಗಳ ದುಡ್ಡು ಹುಟ್ಟುವುದು ಬಹುಮಟ್ಟಿಗೆ ಅಂಗಡಿಯವರು ಕೊಟ್ಟ ಈ ಶುಲ್ಕದಲ್ಲೇ. ನನಗೆ ಕಾಡುವ ಸಂಗತಿ ಇದು. ನಮ್ಮ ಬೀದಿಯ ಚಿಕ್ಕ ಅಂಗಡಿಗಳಲ್ಲಿ ನಾನು ಕ್ರೆಡಿಟ್ ಕಾರ್ಡನ್ನು ಹೊರಗೆ ತೆಗೆಯದಿರುವುದಕ್ಕೆ ಇದೇ ಕಾರಣ. ಅಲ್ಲಿ ನಗದು, ಯುಪಿಐ ಅಥವಾ ರುಪೇ ಡೆಬಿಟ್ ಕಾರ್ಡ್ ಕೊಟ್ಟರೆ ಇಬ್ಬರಿಗೂ ಈ ಶುಲ್ಕದ ನಷ್ಟವಿಲ್ಲ.

ಕೆಲವು ಅಂಗಡಿಗಳಲ್ಲಿ "ಕಾರ್ಡಾದರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಸಾರ್" ಎನ್ನುವುದುಂಟು. ಡೆಬಿಟ್ ಕಾರ್ಡಿನ ಶುಲ್ಕವನ್ನು ಗಿರಾಕಿಯ ಮೇಲೆ ಹೊರಿಸಬಾರದೆಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಕೈಯಲ್ಲಿರುವುದು ಡೆಬಿಟ್ ಕಾರ್ಡಾದರೆ ಆ ಮಾತನ್ನು ಒಪ್ಪಬೇಕಾಗಿಲ್ಲ. ಕ್ರೆಡಿಟ್ ಕಾರ್ಡಾದರೆ ಲೆಕ್ಕ ಹಾಕಿ ನೋಡಬೇಕು. ಶೇ 1ರಷ್ಟು ಪಾಯಿಂಟು ಕೊಡುವ ಕಾರ್ಡಿಗಾಗಿ ಶೇ 2 ಹೆಚ್ಚು ಕೊಟ್ಟರೆ ನಷ್ಟ ನಮ್ಮದೇ. ಆದರೆ "ನಗದು ಕೊಡಿ, ಬಿಲ್ ಬೇಡ, ಜಿಎಸ್‌ಟಿ ಉಳಿಯುತ್ತೆ" ಎಂಬ ಮಾತಿಗೆ ಮಾತ್ರ ಮರುಳಾಗಬೇಡಿ. ಬಿಲ್ಲಿಲ್ಲದ ಮಿಕ್ಸರ್ ಆರು ತಿಂಗಳಿಗೆ ಕೆಟ್ಟರೆ ವಾರಂಟಿಯೂ ಇಲ್ಲ, ಗ್ರಾಹಕರ ಆಯೋಗದ ಮುಂದೆ ಇಡುವುದಕ್ಕೆ ಪುರಾವೆಯೂ ಇಲ್ಲ.

ವ್ಯಾಪಾರಿಗಳ ಮಟ್ಟಿಗೆ ಕಾಣದ ಇನ್ನೊಂದು ಖರ್ಚು 2025ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂತು. ಯುಪಿಐ ಮೂಲಕ ಬಂದ ಹಣದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳುಹಿಸಿತು. ಬೆಂಗಳೂರಿನ ಅನೇಕ ಅಂಗಡಿಗಳ ಮುಂದೆ ಕ್ಯೂಆರ್ ಹಾಳೆಗಳು ಮಾಯವಾಗಿ "ನಗದು ಮಾತ್ರ" ಎಂಬ ಚೀಟಿಗಳು ಕಾಣಿಸಿಕೊಂಡವು. ತರಕಾರಿ, ಹಾಲಿನಂಥ ತೆರಿಗೆಯೇ ಇಲ್ಲದ ಸರಕನ್ನು ಮಾರುವವರಿಗೂ ನೋಟಿಸ್ ಹೋಗಿದ್ದರಿಂದ ಗಲಿಬಿಲಿ ಹೆಚ್ಚಿತು. ಕೊನೆಗೆ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಸರ್ಕಾರ ಭರವಸೆ ಕೊಟ್ಟ ಮೇಲೆ ಗದ್ದಲ ತಣ್ಣಗಾಯಿತು. ದಾಖಲೆ ಉಳಿಯುವುದು ತಪ್ಪೆಂದು ನಾನು ಹೇಳಲಾರೆ, ಏಕೆಂದರೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಅಣ್ಣನ ಕೈ ಹಿಡಿದದ್ದು ಅದೇ ದಾಖಲೆ. ಆದರೆ ಖಾತೆಗೆ ಬಂದ ಹಣವೆಲ್ಲ ತೆರಿಗೆ ಬೀಳುವ ವಹಿವಾಟಲ್ಲ ಎಂದು ತೋರಿಸಿಕೊಡುವ ಹೊರೆ ವ್ಯಾಪಾರಿಯ ಮೇಲೆ ಬೀಳುತ್ತದೆ. ಖರೀದಿಯ ಬಿಲ್ಲುಗಳನ್ನು ಜೋಡಿಸಿಡುವ ಅಭ್ಯಾಸ ಇಲ್ಲದವರಿಗೆ ಅದು ದುಬಾರಿಯಾಗುತ್ತದೆ.

ಕೊಳ್ಳುವವರ ಜೇಬಿನಲ್ಲಿ ನಗದು

ನಗದನ್ನು ಬಿಟ್ಟಿ ಎಂದುಕೊಳ್ಳುವವರು ಎಟಿಎಮ್ಮಿನ ಲೆಕ್ಕವನ್ನು ಒಮ್ಮೆ ನೋಡಬೇಕು. ನಮ್ಮದೇ ಬ್ಯಾಂಕಿನ ಎಟಿಎಮ್ಮಿನಲ್ಲಿ ತಿಂಗಳಿಗೆ ಐದು ವ್ಯವಹಾರಗಳು ಉಚಿತ. ಬೇರೆ ಬ್ಯಾಂಕಿನದಾದರೆ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಮೂರು, ಉಳಿದ ಊರುಗಳಲ್ಲಿ ಐದು. ಬೇರೆ ಬ್ಯಾಂಕಿನ ಎಟಿಎಮ್ಮಿನಲ್ಲಿ ಹಣ ತೆಗೆಯದೆ ಖಾತೆಯಲ್ಲಿ ಎಷ್ಟಿದೆ ಎಂದು ನೋಡಿದರೂ ಅದು ಈ ಎಣಿಕೆಗೆ ಸೇರುತ್ತದೆ. ಮಿತಿ ದಾಟಿದ ಮೇಲೆ ಪ್ರತಿ ಸಲಕ್ಕೆ ಬ್ಯಾಂಕು 23 ರೂಪಾಯಿವರೆಗೆ ವಸೂಲು ಮಾಡಬಹುದೆಂದು 2025ರ ಮೇ 1ರಿಂದ ನಿಯಮವಾಗಿದೆ. ತೆರಿಗೆ ಸೇರಿದರೆ ಅದು 27 ರೂಪಾಯಿ ದಾಟುತ್ತದೆ. ಮಿತಿ ಮುಗಿದ ಮೇಲೆ ಐನೂರು ರೂಪಾಯಿ ತೆಗೆದವರು ಆ ಐನೂರಕ್ಕೆ ಶೇ 5ಕ್ಕಿಂತ ಹೆಚ್ಚು ತೆತ್ತಂತಾಯಿತು. ಯಾವ ಕಾರ್ಡಿನ ಅಂಗಡಿ ಶುಲ್ಕವೂ ಸಾಮಾನ್ಯವಾಗಿ ಅಷ್ಟು ಮುಟ್ಟುವುದಿಲ್ಲ. ಅದೇ ಇಪ್ಪತ್ತೇಳು ರೂಪಾಯಿಗೆ ಹತ್ತು ಸಾವಿರ ತೆಗೆದಿದ್ದರೆ ಖರ್ಚು ಶೇ 0.3ರ ಒಳಗೆ ಉಳಿಯುತ್ತಿತ್ತು. ನಗದಿನಲ್ಲೇ ಮನೆ ನಡೆಸುವವರಿಗೆ ನಾನು ಹೇಳುವುದಿಷ್ಟೆ: ತಿಂಗಳಿಗೆ ಎರಡೇ ಸಲ, ನಿಮ್ಮದೇ ಬ್ಯಾಂಕಿನಿಂದ, ಲೆಕ್ಕ ಹಾಕಿ ತೆಗೆಯಿರಿ.

ಕಪಾಟಿನಲ್ಲಿಟ್ಟ ಹಣಕ್ಕೆ ಬಡ್ಡಿ ಬರುವುದಿಲ್ಲ ಎಂಬ ಮಾತನ್ನು ಈ ಚರ್ಚೆಯಲ್ಲಿ ಎಲ್ಲರೂ ಎತ್ತುತ್ತಾರೆ. ಅದು ನಿಜವಾದರೂ ಸಣ್ಣ ಸಂಗತಿ. ಉಳಿತಾಯ ಖಾತೆ ಶೇ 2.5ರ ಲೆಕ್ಕದಲ್ಲಿ ಬಡ್ಡಿ ಕೊಟ್ಟರೆ, ವರ್ಷವಿಡೀ ಮನೆಯಲ್ಲಿಟ್ಟ ಹತ್ತು ಸಾವಿರಕ್ಕೆ ಆಗುವ ನಷ್ಟ 250 ರೂಪಾಯಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟೂ ಟವರೂ ಒಟ್ಟಿಗೆ ಹೋದ ದಿನ, ರಾತ್ರಿ ಎರಡು ಗಂಟೆಗೆ ಆಟೊ ಹಿಡಿದು ಆಸ್ಪತ್ರೆಗೆ ಓಡುವ ದಿನ, ಆ ಹಣ ಕೊಡುವ ಧೈರ್ಯಕ್ಕೆ 250 ರೂಪಾಯಿ ಹೆಚ್ಚಲ್ಲ.

ನಗದಿನ ನಿಜವಾದ ನಷ್ಟ ಬೇರೆ ಕಡೆ ಇದೆ. ಕಳೆದುಹೋದ ನೋಟು ಕಳೆದುಹೋದಂತೆಯೇ. ಬಸ್ಸಿನಲ್ಲಿ ಚಿಲ್ಲರೆಯಿಲ್ಲದಾಗ ಕಂಡಕ್ಟರು ಟಿಕೆಟಿನ ಹಿಂದೆ ಬಾಕಿ ಬರೆದುಕೊಡುತ್ತಾರೆ. ಇಳಿಯುವ ಅವಸರದಲ್ಲಿ ನಾವು ಅದನ್ನು ಮರೆಯುತ್ತೇವೆ. ಹತ್ತು ರೂಪಾಯಿಯ ನಾಣ್ಯ ನಡೆಯುವುದಿಲ್ಲವೆಂಬ ಗಾಳಿಮಾತನ್ನು ನಂಬಿ ಅದನ್ನು ಮುಟ್ಟದ ಅಂಗಡಿಗಳು ಈಗಲೂ ಇವೆ. ಆಗ ಚಲಾವಣೆಯಲ್ಲಿದ್ದ 14 ವಿನ್ಯಾಸಗಳೂ ಚೊಕ್ಕವಾಗಿ ನಡೆಯುತ್ತವೆಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸಾರಿತ್ತು. ಹೋದ ವರ್ಷ ನನ್ನ ಕೈಗೊಂದು ಐನೂರರ ನೋಟು ಬಂತು. ನಡುವೆ ಹರಿದು, ಹಿಂದಿನಿಂದ ಕಾಣದಷ್ಟು ಅಚ್ಚುಕಟ್ಟಾಗಿ ಗಮ್ ಟೇಪು ಅಂಟಿಸಿದ್ದರು. ಮೂರು ಅಂಗಡಿಯವರು ಬೆಳಕಿಗೆ ಹಿಡಿದು ನೋಡಿ ಹಿಂದಕ್ಕೆ ಕೊಟ್ಟರು. ಇಂಥ ನೋಟನ್ನು ಕತ್ತಲಲ್ಲಿ ಇನ್ನೊಬ್ಬರಿಗೆ ದಾಟಿಸುವ ಅಗತ್ಯವಿಲ್ಲ. ಯಾವ ಬ್ಯಾಂಕಿನ ಶಾಖೆಯಾದರೂ ಬದಲಾಯಿಸಿಕೊಡಬೇಕು. 50 ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನೋಟಾದರೆ, ಇಡಿಯಾಗಿ ಉಳಿದಿರುವ ದೊಡ್ಡ ತುಂಡು ನೋಟಿನ ಶೇ 80ಕ್ಕಿಂತ ಹೆಚ್ಚಿದ್ದಾಗ ಪೂರ್ತಿ ಬೆಲೆ, ಶೇ 40ರಿಂದ 80ರ ನಡುವೆ ಇದ್ದಾಗ ಅರ್ಧ ಬೆಲೆ ಸಿಗುತ್ತದೆ. ನನಗೆ ಇನ್ನೂರ ಐವತ್ತು ರೂಪಾಯಿ ಮರಳಿತು. ಉಳಿದ ಇನ್ನೂರ ಐವತ್ತು, ಜೊತೆಗೆ ಅರ್ಧ ದಿನದ ರಜೆ ಆ ನೋಟಿನ ಬಾಬತ್ತಿಗೆ ಖರ್ಚಾಯಿತು.

ಕೆಲವು ಕಡೆ ನಗದಿನ ಖರ್ಚನ್ನು ದರಪಟ್ಟಿಯಲ್ಲೇ ಬರೆದಿಟ್ಟಿರುತ್ತಾರೆ. 2025ರ ನವೆಂಬರ್ 15ರಿಂದ ಜಾರಿಗೆ ಬಂದ ನಿಯಮದಲ್ಲಿ, ರಾಷ್ಟ್ರೀಯ ಹೆದ್ದಾರಿಯ ಟೋಲಿನಲ್ಲಿ ಫಾಸ್ಟ್ಯಾಗ್ ಇಲ್ಲದೆ ನಗದು ಕೊಟ್ಟರೆ ಎರಡು ಪಟ್ಟು, ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು ಎಂದಿತ್ತು. ನಮ್ಮ ಮೆಟ್ರೊದಲ್ಲಿ ಸ್ಮಾರ್ಟ್ ಕಾರ್ಡಿಗೆ ಶೇ 5 ರಿಯಾಯಿತಿ ಇದೆ, ನಗದಿನ ಟೋಕನ್ನಿಗೆ ಇಲ್ಲ. ಮತ್ತೆ ಕೆಲವು ಕಡೆ ಕಾನೂನೇ ನಗದನ್ನು ತಡೆಯುತ್ತದೆ. ಒಂದೇ ವ್ಯವಹಾರಕ್ಕೆ ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮಗಳ ಮದುವೆಗೆ ಒಡವೆ ಕೊಳ್ಳುವವರು, ಛತ್ರಕ್ಕೆ ದುಡ್ಡು ಕಟ್ಟುವವರು ಇದನ್ನು ಮೊದಲೇ ತಿಳಿದಿರಬೇಕು. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಬಯಸುವವರು ಆರೋಗ್ಯ ವಿಮೆಯ ಕಂತನ್ನು ನಗದಾಗಿ ಕಟ್ಟಿದರೆ ಆ ವಿನಾಯಿತಿಯೇ ತಪ್ಪಿಹೋಗುತ್ತದೆ.

ಕ್ರೆಡಿಟ್ ಕಾರ್ಡಿನ ಆ ಒಂದು ಸಾಲು

ಡೆಬಿಟ್ ಕಾರ್ಡಿನ ಬಗ್ಗೆ ಹೇಳಬೇಕಾದದ್ದು ಕಡಿಮೆ. ವರ್ಷಕ್ಕೊಂದು ಶುಲ್ಕ, ಅದಕ್ಕೆ ತೆರಿಗೆ, ಕೆಲವು ಬ್ಯಾಂಕುಗಳಲ್ಲಿ ಎಸ್‌ಎಂಎಸ್ ಶುಲ್ಕ. ನಾಲ್ಕು ಖಾತೆ, ನಾಲ್ಕು ಕಾರ್ಡು ಇಟ್ಟುಕೊಂಡವರು ಬಳಸದ ಮೂರಕ್ಕೂ ತೆರುತ್ತಿರುತ್ತಾರೆ. ಬೇಡದ್ದನ್ನು ಹಿಂತಿರುಗಿಸಿದರೆ ಮುಗಿಯಿತು. ಕ್ರೆಡಿಟ್ ಕಾರ್ಡಿನ ವಿಷಯ ಬೇರೆ. ಅದು ಪಾವತಿಯ ಸಾಧನವೂ ಹೌದು, ಸಾಲವೂ ಹೌದು. ಒಂದು ಯಾವಾಗ ಇನ್ನೊಂದಾಗುತ್ತದೆ ಎಂಬುದು ಸ್ಟೇಟ್‌ಮೆಂಟಿನ ಒಂದೇ ಸಾಲಿನಲ್ಲಿ ಅಡಗಿದೆ. ಆ ಸಾಲಿನ ಹೆಸರು "ಕನಿಷ್ಠ ಬಾಕಿ".

ಒಂದು ಉದಾಹರಣೆಯನ್ನು ದಿನ ಹಿಡಿದು ಲೆಕ್ಕ ಹಾಕೋಣ. ಜೂನ್ 5ರಂದು 30,000 ರೂಪಾಯಿಯ ವಾಷಿಂಗ್ ಮಷಿನ್ ಕೊಂಡಿರಿ. ಜೂನ್ 20ಕ್ಕೆ ಬಿಲ್ ಬಂತು, ಕಟ್ಟುವ ಕೊನೆಯ ದಿನ ಜುಲೈ 10. ಅಂದು ಪೂರ್ತಿ ಮೂವತ್ತು ಸಾವಿರ ಕಟ್ಟಿದರೆ ಮೂವತ್ತೈದು ದಿನ ಬಡ್ಡಿಯಿಲ್ಲದೆ ಸಾಲ ಸಿಕ್ಕಂತಾಯಿತು. ನಗದಿಗೂ ಡೆಬಿಟ್ ಕಾರ್ಡಿಗೂ ಇಲ್ಲದ ಲಾಭವಿದು. ಆದರೆ ಬಿಲ್ಲಿನಲ್ಲಿ ಕನಿಷ್ಠ ಬಾಕಿ ಶೇ 5, ಎಂದರೆ 1,500 ರೂಪಾಯಿ ಎಂದಿದೆ. ಸದ್ಯಕ್ಕೆ ಅಷ್ಟು ಸಾಕೆಂದು ಅಷ್ಟನ್ನೇ ಕಟ್ಟಿದಿರಿ. ಬಡ್ಡಿ ತಿಂಗಳಿಗೆ ಶೇ 3.5, ವರ್ಷಕ್ಕೆ ಶೇ 42. ಇಂಥ ದರ ನಮ್ಮ ಕಾರ್ಡುಗಳಲ್ಲಿ ತೀರ ಸಾಮಾನ್ಯ. ಈ ಬಡ್ಡಿ ಜುಲೈ 10ರಿಂದಲ್ಲ, ನೀವು ಕೊಂಡ ಜೂನ್ 5ರಿಂದಲೇ ಓಡಲು ತೊಡಗುತ್ತದೆ. ಮೂವತ್ತೈದು ದಿನಕ್ಕೆ 30,000ದ ಮೇಲೆ ಸುಮಾರು 1,208 ರೂಪಾಯಿ, ಆಮೇಲೆ ಮುಂದಿನ ಬಿಲ್ಲಿನವರೆಗೆ ಹತ್ತು ದಿನಕ್ಕೆ 28,500ರ ಮೇಲೆ ಸುಮಾರು 328 ರೂಪಾಯಿ, ಒಟ್ಟು 1,536. ಅದಕ್ಕೆ ಶೇ 18 ಜಿಎಸ್‌ಟಿ ಸೇರಿ 1,813. ಜುಲೈ 20ರ ಬಿಲ್ಲಿನಲ್ಲಿ ನಿಮ್ಮ ಬಾಕಿ 30,313 ರೂಪಾಯಿ. ಒಂದೂವರೆ ಸಾವಿರ ಕಟ್ಟಿದ ಮೇಲೂ ಸಾಲ ಮಷಿನ್ನಿನ ಬೆಲೆಯನ್ನು ಮೀರಿ ನಿಂತಿದೆ. ಇದರ ಜೊತೆಗೆ, ಹಳೆಯ ಬಾಕಿ ತೀರುವವರೆಗೆ ಹೊಸದಾಗಿ ಕೊಂಡ ತರಕಾರಿ, ಪೆಟ್ರೋಲಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ.

ಕಾರ್ಡಿನ ಬಡ್ಡಿಗೆ ಶೇ 30ರ ಮಿತಿ ಇರಬೇಕೆಂದು ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಹೀಗಾಗಿ ಮೇಲಿನ ಮಿತಿಯ ಆಸರೆ ಈಗ ಕಾರ್ಡುದಾರರಿಗಿಲ್ಲ, ಇರುವುದು ಗಡುವಿನೊಳಗೆ ಪೂರ್ತಿ ಕಟ್ಟುವ ಶಿಸ್ತು ಮಾತ್ರ. ಕಾರ್ಡು ಕೈಗೆ ಬಂದ ದಿನವೇ "ಪೂರ್ತಿ ಬಾಕಿ" ಖಾತೆಯಿಂದ ತಾನಾಗಿ ಕಡಿತವಾಗುವಂತೆ ಬರೆದುಕೊಡಿ. ಅರ್ಜಿಯಲ್ಲಿ "ಕನಿಷ್ಠ ಬಾಕಿ" ಎಂಬ ಚೌಕವೂ ಇರುತ್ತದೆ, ಕೈ ತಪ್ಪಿ ಅದಕ್ಕೆ ಗುರುತು ಹಾಕಬೇಡಿ. ಪೂರ್ತಿ ಕಟ್ಟುವ ಭರವಸೆ ತಿಂಗಳ ಮೊದಲೇ ಇಲ್ಲದವರಿಗೆ ನಗದು ಅಥವಾ ಡೆಬಿಟ್ ಕಾರ್ಡೇ ಸರಿ. ಅಂಥ ಸ್ಥಿತಿಯಲ್ಲಿ ಯಾವ ರಿವಾರ್ಡ್ ಪಾಯಿಂಟೂ ಶೇ 42ನ್ನು ತುಂಬಿಕೊಡಲಾರದು.

ಕ್ರೆಡಿಟ್ ಕಾರ್ಡಿನಿಂದ ಎಟಿಎಮ್ಮಿನಲ್ಲಿ ನಗದು ತೆಗೆಯುವುದು ನಗದು ಮತ್ತು ಕಾರ್ಡು ಎರಡರ ಕೆಟ್ಟದ್ದನ್ನೂ ಒಟ್ಟಿಗೆ ಕೊಂಡಂತೆ. ತೆಗೆದ ಕೂಡಲೇ ಶುಲ್ಕ, ಆ ದಿನದಿಂದಲೇ ಬಡ್ಡಿ. "ನೋ ಕಾಸ್ಟ್ ಇಎಂಐ" ಎಂಬುದರಲ್ಲೂ ಸಂಸ್ಕರಣೆಯ ಶುಲ್ಕ, ಬಡ್ಡಿಯ ಭಾಗಕ್ಕೆ ಜಿಎಸ್‌ಟಿ ಇರುತ್ತವೆ. ಒಮ್ಮೆಗೇ ಕೊಟ್ಟರೆ ಸಿಗಬಹುದಾದ ರಿಯಾಯಿತಿಯೂ ಕೈ ತಪ್ಪುತ್ತದೆ. ಅಂಗಡಿಯಲ್ಲಿ ಮೊದಲು ಒಮ್ಮೆಗೇ ಕೊಡುವ ಬೆಲೆಯನ್ನು ಕೇಳಿ, ಆಮೇಲೆ ಕಂತಿನ ಮಾತು ಎತ್ತಿ. ಮಕ್ಕಳನ್ನು ನೋಡಲು ದುಬೈಗೋ ಅಮೆರಿಕಕ್ಕೋ ಹೋಗುವವರಿಗೆ ಇನ್ನೊಂದು ಮಾತು. ಅಲ್ಲಿನ ಮಷಿನ್ "ರೂಪಾಯಿಯಲ್ಲಿ ಕೊಡುತ್ತೀರಾ" ಎಂದು ಕೇಳಿದರೆ ಬೇಡವೆಂದು ಅಲ್ಲಿನ ಹಣವನ್ನೇ ಆರಿಸಿ. ವಿದೇಶಿ ವಿನಿಮಯಕ್ಕೆಂದು ಅನೇಕ ಕಾರ್ಡುಗಳು ಶೇ 3.5ರವರೆಗೆ ಮೊದಲೇ ಕಳೆಯುತ್ತವೆ, ಅದರ ಮೇಲೆ ಅಂಗಡಿಯ ಕಡೆಯ ವಿನಿಮಯ ದರದ ನಷ್ಟವನ್ನೂ ಹೊರಬೇಕಾಗಿಲ್ಲ.

ಖರ್ಚಿನ ಮನಸ್ಸನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಣಿಸಿ ಕೊಟ್ಟ ದುಡ್ಡು ನೆನಪಿನಲ್ಲಿ ಉಳಿಯುತ್ತದೆ, ತಾಗಿಸಿ ಕೊಟ್ಟದ್ದು ಉಳಿಯುವುದಿಲ್ಲ. 5,000 ರೂಪಾಯಿವರೆಗೆ ಪಿನ್ ಕೂಡ ಬೇಡವಾದ ಮೇಲೆ ಸೂಪರ್ ಮಾರ್ಕೆಟ್ಟಿನಲ್ಲಿ ನನ್ನ ತಳ್ಳುಗಾಡಿ ತುಂಬಿಕೊಂಡದ್ದು ನನ್ನದೇ ಲೆಕ್ಕದಲ್ಲಿ ಕಾಣುತ್ತದೆ. ಈಗ ತಿಂಗಳ ದಿನಸಿಯ ದುಡ್ಡನ್ನು ಮಾತ್ರ ನಗದಾಗಿ ಒಂದು ಲಕೋಟೆಯಲ್ಲಿಡುತ್ತೇನೆ. ಲಕೋಟೆ ತೆಳ್ಳಗಾದದ್ದು ಕೈಗೆ ತಿಳಿಯುತ್ತದೆ.

ಹಣ ಹೋದಾಗ

ಸುರಕ್ಷತೆಯಲ್ಲಿ ಕಾರ್ಡಿನದೇ ಮೇಲುಗೈ, ಆದರೆ ಅದು ಗಡಿಯಾರಕ್ಕೆ ಕಟ್ಟಿದ ಮೇಲುಗೈ. ನಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರು ಖಾತೆಯಿಂದ ಹಣ ಎಳೆದಾಗ, ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಮ್ಮ ಹೊಣೆ ಸೊನ್ನೆ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿತು. ತಡವಾದಷ್ಟೂ ನಮ್ಮ ಪಾಲು ಹೆಚ್ಚುತ್ತದೆ. ಆದ್ದರಿಂದ ಬ್ಯಾಂಕಿನ ಸಂದೇಶಗಳನ್ನು ಓದದೆ ಅಳಿಸಬೇಡಿ, ಅನುಮಾನ ಬಂದ ಕ್ಷಣವೇ ಕಾರ್ಡನ್ನು ಬ್ಲಾಕ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಎಟಿಎಂ ಹಣ ಕೊಡದೆಯೇ ಖಾತೆಯಿಂದ ಹಣ ಕಡಿತವಾದ ಪ್ರಸಂಗ ನನಗೇ ಒಮ್ಮೆ ಬಂದಿತ್ತು. ವ್ಯವಹಾರದ ದಿನದ ನಂತರ ಐದು ದಿನಗಳೊಳಗೆ ಹಣ ಮರಳಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಿಗಬೇಕು. ನನ್ನ ಹಣ ಹನ್ನೊಂದನೆಯ ದಿನ ಬಂತು. ಪರಿಹಾರ ಮಾತ್ರ ಎಟಿಎಂ ಚೀಟಿಯನ್ನು ಹಿಡಿದುಕೊಂಡು ಶಾಖೆಗೆ ಹೋಗಿ ಕೇಳಿದ ಮೇಲೆ ಬಂತು.

ಪಿನ್ನನ್ನು ನಾವೇ ಇನ್ನೊಬ್ಬರಿಗೆ ಹೇಳಿದ್ದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟವೆಲ್ಲ ನಮ್ಮದೇ. ಹಳ್ಳಿಗಳಲ್ಲಿ ಪಿಂಚಣಿ ತೆಗೆಯಲು ಅಕ್ಕಪಕ್ಕದ ಹುಡುಗರ ಕೈಗೆ ಕಾರ್ಡು ಕೊಟ್ಟು, ಹಿಂಭಾಗದಲ್ಲಿ ಪಿನ್ ಬರೆದಿಟ್ಟ ಹಿರಿಯರನ್ನು ನಾನು ಕಂಡಿದ್ದೇನೆ. ನಮ್ಮ ಅಮ್ಮನದೂ ಹಾಗೆಯೇ ಇತ್ತು. ಈಗ ಆಕೆ ತಿಂಗಳ ಮೊದಲ ವಾರ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ ನಗದನ್ನೇ ತರುತ್ತಾಳೆ. ಕಾರ್ಡು ಇನ್ನೂ ಇದೆ, ಆದರೆ ಅದರ ಆನ್‌ಲೈನ್ ಮತ್ತು ವಿದೇಶಿ ಬಳಕೆಯನ್ನು ಆ್ಯಪ್‌ನಲ್ಲಿ ನಿಲ್ಲಿಸಿ, ದಿನದ ಮಿತಿಯನ್ನು ಎರಡು ಸಾವಿರಕ್ಕೆ ಇಳಿಸಿ, ಔಷಧದ ಅಂಗಡಿಗೆ ಹೋಗುವ ಚೀಲದಲ್ಲಿ ಇಟ್ಟುಕೊಟ್ಟಿದ್ದೇವೆ.